ಗುರುಲಿಂಗನ ಎಡಗೈ ತೋರುಬೆರಳು

ಆ ಉಗುರಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಉಗುರು ನನ್ನದಲ್ಲ, ಗುರುಲಿಂಗನದು. ಆದರೆ ಅದರ ಸಲುವಾಗಿ ಏಳು ಅರ್ಜಿ ಬರೆದವನು ನಾನು. ಪಣಜಿಯ ಬಸ್ಸಿನಲ್ಲಿ ಒಂದೇ ಕಾಲಿನ ಮೇಲೆ ನಿಂತು ಹೋದವನು ನಾನು. ದವಾಖಾನೆಯಲ್ಲಿ "ನೀವು ಪೇಶಂಟಿಗೆ ಏನಾಗಬೇಕು?" ಎಂದು ಕೇಳಿದಾಗ "ಮಾಸ್ತರ" ಎಂದು ಬರೆಸಿದವನೂ ನಾನೇ. ಸಾಂಕೋಲೆಯ ಕಾರ್ಖಾನೆಗಳ ಹಿಂದಿರುವ ನಮ್ಮ ಕಾಲೊನಿಯಲ್ಲಿ ಒಂದು ಕನ್ನಡ ಶಾಲೆಯಿದೆ, ಅದರ ಮಾಸ್ತರ ನಾನು. ನನ್ನ ಕೆಲಸ ಮಕ್ಕಳಿಗೆ ಕಲಿಸುವುದು ಎಂದು ಸರಕಾರ ತಿಳಿದುಕೊಂಡಿದೆ. ಕಾಲೊನಿಯವರ ತಿಳುವಳಿಕೆಯೇ ಬೇರೆ. ಅವರ ಪ್ರಕಾರ ನಾನಿರುವುದು ಅರ್ಜಿ ಬರೆಯುವುದಕ್ಕೆ.

ಗುರುಲಿಂಗ ಮುದ್ದೇಬಿಹಾಳದ ಕಡೆಯವನು, ಗೋವೆಗೆ ಬಂದು ಹದಿನಾರು ವರ್ಷವಾಗಿತ್ತು. ಹೊಸ ಕಟ್ಟಡಗಳ ನೆಲಕ್ಕೆ ಪಾಲಿಶ್ ಹೊಡೆಯುವ ಕೆಲಸ. ಬಲಗೈಯಲ್ಲಿ ಮಶೀನು ಹಿಡಿದು, ಎಡಗೈಯಿಂದ ನೀರು ಸುರಿಯುತ್ತ, ರಾಡಿ ಬಳಿಯುತ್ತ ಇರಬೇಕು. ದಿನಕ್ಕೆ ಎಂಟು ತಾಸು ಆ ಎಡಗೈ ನೀರಿನಲ್ಲೇ ಇರುತ್ತದೆ. ಮನುಷ್ಯ ಮಹಾ ಸಿಟ್ಟಿನವನು. "ಆರಾಮ ಏನ್ರಿ?" ಎಂದು ಕೇಳಿದರೂ "ಯಾಕ, ನನಗೇನಾಗೇತಿ?" ಎಂದು ಜಗಳಕ್ಕೆ ಬರುತ್ತಾನೆ. ಜಗತ್ತಿನಲ್ಲಿ ಅವನು ಮೆತ್ತಗೆ ಮಾತಾಡುವ ವಸ್ತು ಒಂದೇ ಒಂದು, ಅಂಗಿಯ ಕಿಸೆಯಲ್ಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟ ಗೋವೆಯ ಮತದಾರ ಚೀಟಿ. ಹನ್ನೊಂದು ವರ್ಷ ಕಚೇರಿ ಅಲೆದು ಪಟ್ಟಿಯಲ್ಲಿ ಹೆಸರು ಹಾಕಿಸಿದ್ದ. ಅಷ್ಟು ವರ್ಷ ಅವನನ್ನು ಘಟ್ಟದ ಆಚೆಯವನೆಂದು ಹೀಯಾಳಿಸಿ "ಘಾಟಿ" ಎಂದು ಕರೆದವರ ಮುಂದೆ ಈಗ ಅವನು ಆ ಚೀಟಿಯನ್ನು ತೆಗೆದು, ಮಾತಿಲ್ಲದೆ ತೋರಿಸಿ, ಮತ್ತೆ ಒಳಗಿಡುತ್ತಿದ್ದ.

ಚುನಾವಣೆ ಬಂತೆಂದರೆ ವಾರ್ಡಿನ ಮೊದಲ ಓಟು ತನ್ನದೇ ಆಗಬೇಕು ಎಂಬುದು ಅವನ ಹಟ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮತಗಟ್ಟೆಯ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಲ್ಲುತ್ತಿದ್ದ. ಆಮೇಲೆ ಒಂದು ವಾರ ಮಸಿ ಹಚ್ಚಿದ ಬೆರಳನ್ನು ಮೇಲೆತ್ತಿಕೊಂಡೇ ಓಡಾಡುತ್ತಿದ್ದ. ಆಗ ಅವನ ಜೊತೆ ಮಾತಾಡುವವರು ಅವನ ಮುಖ ನೋಡುವಂತಿರಲಿಲ್ಲ, ಬೆರಳನ್ನೇ ನೋಡಿ ಮಾತಾಡಬೇಕಾಗಿತ್ತು.

ಎರಡು ಸಾವಿರದ ಹತ್ತನೆಯ ಇಸವಿಯಲ್ಲಿ ನಮ್ಮ ವಾರ್ಡಿನ ಪಂಚಾಯತಿ ಸದಸ್ಯ ರಾಜೀನಾಮೆ ಕೊಟ್ಟು ದುಬೈಗೆ ಹೋದ. ಜೂನ್ ತಿಂಗಳಲ್ಲಿ ಉಪಚುನಾವಣೆ ಬಂತು. ಆ ವರ್ಷ ಜನವರಿಯಿಂದಲೇ ಗುರುಲಿಂಗನ ಎಡಗೈ ತೋರುಬೆರಳಿನ ಉಗುರು ಒಂದು ಮೂಲೆಯಿಂದ ಕಪ್ಪಾಗುತ್ತ ಬಂದು, ಮೇ ಹೊತ್ತಿಗೆ ಪೂರ್ತಿ ಕರ್ರಗಾಗಿ ದಪ್ಪವಾಗಿತ್ತು. ಹೆಂಡತಿ ಮಂಗಲಾ ನಾಲ್ಕು ತಿಂಗಳಿಂದ ಹೇಳುತ್ತಲೇ ಇದ್ದಳು.

"ಡಾಕ್ಟರಿಗೆ ತೋರಸ್ರಿ."

"ಕಲ್ಲು ಬಡದೈತಿ. ನನಗ್ಯಾವ ರೋಗಾನೂ ಇಲ್ಲ. ನಮ್ಮ ಮನಿತನದಾಗ ಉಗುರಿಗೆ ರೋಗ ಬಂದವರು ಒಬ್ಬರಿಲ್ಲ."

ಮನೆತನದ ಉಗುರುಗಳ ಇತಿಹಾಸ ಅವನಿಗೆ ಅಷ್ಟು ಚೆನ್ನಾಗಿ ಗೊತ್ತಿತ್ತು.

ಮತದಾನದ ದಿನ ಬೆಳಿಗ್ಗೆ ಏಳಕ್ಕೆ ಸಾಲಿನಲ್ಲಿ ಅವನೇ ಮೊದಲಿಗ, ಹಿಂದೆ ನಾನು. ಮತಗಟ್ಟೆಯ ಅಧಿಕಾರಿ ಚೀಟಿ ನೋಡಿದ, ಹೆಸರು ಕೂಗಿದ, ಮಸಿ ಹಚ್ಚಲು ಎಡಗೈ ಹಿಡಿದ. ಹಿಡಿದವನು ಬಿಡಲಿಲ್ಲ.

"ಇದೇನು?"

"ಬೆರಳು," ಎಂದ ಗುರುಲಿಂಗ.

"ಬೆರಳು ನನಗೂ ಇದೆ. ಈ ಕಪ್ಪು ಏನು? ಎಲ್ಲಿ ಓಟು ಹಾಕಿ ಬಂದೆ?"

ಇಲ್ಲಿ ಒಂದು ವಿಷಯ ಹೇಳಬೇಕು. ಅದಕ್ಕೆ ಸರಿಯಾಗಿ ಒಂದು ತಿಂಗಳ ಹಿಂದೆ ಕರ್ನಾಟಕದಲ್ಲಿ ಗ್ರಾಮ ಪಂಚಾಯತಿ ಚುನಾವಣೆ ನಡೆದಿತ್ತು. ಹಚ್ಚಿದ ಮಸಿ ತಿಂಗಳೊಪ್ಪತ್ತಿನಲ್ಲಿ ಚರ್ಮದಿಂದ ಹೋಗುತ್ತದೆ, ಉಗುರಿನಿಂದ ಅಷ್ಟು ಬೇಗ ಹೋಗುವುದಿಲ್ಲ. ಊರಿನಲ್ಲೊಂದು ಓಟು ಹಾಕಿ ಇಲ್ಲೊಂದು ಹಾಕಲು ಬರುತ್ತಾರೆ ಎಂದು ನಮ್ಮ ಜನರ ಮೇಲೆ ಮೊದಲೇ ಗುಮಾನಿ. ಅದರ ಮೇಲೆ ಈ ಉಗುರು.

ಅಧಿಕಾರಿ ಸ್ಪಿರಿಟ್ ತರಿಸಿ ಉಜ್ಜಿಸಿದ. ಹೋಗಲಿಲ್ಲ. ಪೊಲೀಸಿನವನು ಸೀಮೆಎಣ್ಣೆ ತಂದ. ಚಹಾ ತಂದವನು ಲಿಂಬೆಹೋಳು ಕೊಟ್ಟ. ಉಜ್ಜಿದಷ್ಟೂ ಉಗುರು ಮಿರಿಮಿರಿ ಮಿಂಚತೊಡಗಿತು. ಹಿಂದೆ ಸಾಲಿನಲ್ಲಿ ನಲವತ್ತು ಜನ ನಿಂತು ಬಯ್ಯುತ್ತಿದ್ದರು. ಮೂಲೆಯಲ್ಲಿ ಒಬ್ಬ ಅಭ್ಯರ್ಥಿಯ ಏಜೆಂಟನಾಗಿ ಕೂತಿದ್ದ ಥಾವರಪ್ಪ ಎದ್ದು ನಿಂತ. ಥಾವರಪ್ಪ ನಮ್ಮ ಕಾಲೊನಿಯವನೇ, ಬಂದರಿನಲ್ಲಿ ಹಮಾಲಿ. ಅವತ್ತೊಂದು ದಿನದ ಮಟ್ಟಿಗೆ ಎದೆಯ ಮೇಲೆ ಬಿಲ್ಲೆ ಇತ್ತು, ಆ ಬಿಲ್ಲೆಗೆ ಏನಾದರೂ ಕೆಲಸ ಕೊಡಬೇಕೆಂದು ಬೆಳಗಿನಿಂದ ಒದ್ದಾಡುತ್ತಿದ್ದ.

"ಸಾಹೇಬ್ರ, ನನ್ನ ಆಕ್ಷೇಪ ಐತಿ!" ಎಂದ.

"ಯಾರ ಮ್ಯಾಲೆ?" ಎಂದು ಗುರುಲಿಂಗ ತಿರುಗಿದ.

"ಮಂದಿ ಮ್ಯಾಲಲ್ಲೋ, ಉಗರ ಮ್ಯಾಲೆ."

"ನನ್ನ ಉಗರ ಸುದ್ದಿಗೆ ಬಂದ್ರ ನಿನ್ನ ಹಲ್ಲ ಉದುರತಾವ ನೋಡು!"

ಅಲ್ಲಿಗೆ ಮುಗಿಯಿತು. ಪೊಲೀಸಿನವನು ಗುರುಲಿಂಗನನ್ನು ಹೊರಗೆ ತಂದು ನಿಲ್ಲಿಸಿದ. ಆ ವಾರ್ಡಿನ ಮೊದಲ ಓಟನ್ನು ನಾನು ಹಾಕಿದೆ. ಆ ತಪ್ಪಿಗಾಗಿ ಅವನು ನನ್ನ ಜೊತೆ ನಾಲ್ಕು ದಿನ ಮಾತು ಬಿಟ್ಟ.

ಐದನೆಯ ದಿನ ಮಾತಾಡಲೇಬೇಕಾಯಿತು, ಏಕೆಂದರೆ ತಾಲ್ಲೂಕು ಕಚೇರಿಯಿಂದ ನೋಟೀಸು ಬಂತು. ಸದರಿ ವ್ಯಕ್ತಿಯ ಹೆಸರು ಎರಡು ರಾಜ್ಯಗಳ ಪಟ್ಟಿಯಲ್ಲಿದ್ದು, ಎರಡೂ ಕಡೆ ಮತ ಹಾಕುವ ರೂಢಿಯವನೆಂದು ದೂರು ಬಂದಿದೆ. ಹೆಸರನ್ನೇಕೆ ತೆಗೆದುಹಾಕಬಾರದು ಎಂದು ಹದಿನೈದು ದಿನದೊಳಗೆ ತಿಳಿಸಬೇಕು. ಜೊತೆಗೆ ಥಾವರಪ್ಪ ಸಹಿ ಮಾಡಿದ ದೂರಿನ ನಕಲು. ಗುರುಲಿಂಗ ಆ ನಕಲನ್ನು ಬೆಳಕಿಗೆ ಹಿಡಿದು ನೋಡಿದ.

"ಅಕ್ಷರ ಭಾಳ ಚಲೋ ಅದಾವಲ್ರಿ ಮಾಸ್ತರ. ಯಾರ್ವು ಇವು?"

ಅವು ನನ್ನವು. ಥಾವರಪ್ಪ ಮತದಾನದ ಮರುದಿನ ಬಂದು "ಒಬ್ಬಾವನ ಮ್ಯಾಲೆ ದೂರು ಕೊಡೋದೈತಿ, ಹೆಸರಿನ ಜಾಗ ಖಾಲಿ ಬಿಟ್ಟು ಬರದಕೊಡ್ರಿ" ಎಂದಿದ್ದ. ನಾನು ಅಂಚು ಬಿಟ್ಟು, ತಪ್ಪಿಲ್ಲದ ಇಂಗ್ಲಿಷಿನಲ್ಲಿ, ಕೆಂಪು ಗೆರೆ ಸಹಿತ ಬರೆದುಕೊಟ್ಟಿದ್ದೆ. ಏಳು ಅರ್ಜಿಗಳಲ್ಲಿ ಅದೇ ಮೊದಲನೆಯದು. ಉಳಿದ ಆರನ್ನು ನಾನು ಯಾಕೆ ಬಾಯಿ ಮುಚ್ಚಿಕೊಂಡು ಬರೆದೆ ಎಂದು ಇನ್ನು ಯಾರೂ ಕೇಳಬಾರದು.

ಹೆಸರು ಹೋಗುತ್ತದೆ ಎಂಬ ಮಾತು ಕೇಳಿದ ಮೇಲೆ ಗುರುಲಿಂಗನ ಮನೆಯ ಮುಂದೆ ವೈದ್ಯರ ಸಂತೆಯೇ ನೆರೆಯಿತು. ಒಬ್ಬ ಬೆಳ್ಳುಳ್ಳಿ ಜಜ್ಜಿ ಕಟ್ಟು ಎಂದ. ಇನ್ನೊಬ್ಬ ಅದೇ ಬೆರಳನ್ನು ಬಿಸಿ ಅನ್ನದೊಳಗೆ ಹುಗಿ ಎಂದ. ಎದುರು ಮನೆಯ ಹುಸೇನಬಿ ಹತ್ತೂ ಉಗುರಿಗೆ ಮೆಹಂದಿ ಹಚ್ಚಿಬಿಟ್ಟಳು. ಎಲ್ಲವೂ ಒಂದೇ ಬಣ್ಣವಾದರೆ ಯಾವುದರ ಮೇಲೂ ಗುಮಾನಿ ಬರುವುದಿಲ್ಲ ಎಂಬುದು ಅವಳ ಲೆಕ್ಕ. ಒಂಬತ್ತು ಉಗುರು ಕೆಂಪಾದವು. ಹತ್ತನೆಯದು ಕೆಂಪಿನ ನಡುವೆ ಇನ್ನಷ್ಟು ಕಪ್ಪಾಗಿ ಕಂಡಿತು. ಥಾವರಪ್ಪ ಕೂಡ ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಬಂದು ಇಣುಕಿ "ಇವತ್ತ ಹೆಂಗೈತಿ?" ಎಂದು ಕೇಳಿ, ಬೈಸಿಕೊಂಡು ಹೋಗುತ್ತಿದ್ದ.

ಕೊನೆಗೆ ಮಂಗಲಾ ಸೆರಗು ಸಿಕ್ಕಿಸಿಕೊಂಡು ನಿಂತಳು. "ನಾಕ ತಿಂಗಳಿಂದ ರೋಗ ಐತಿ ಅಂದ್ರ ಇಲ್ಲ ಅಂದ್ರಿ. ಈಗ ರೋಗ ಐತಿ ಅಂತ ಸರಕಾರದ ಮುಂದ ಹೇಳಬೇಕು. ಎದ್ದ ನಡ್ರಿ ದವಾಖಾನಿಗೆ."

ಹತ್ತಿರದ ದವಾಖಾನೆಯ ಡಾಕ್ಟರು ಉಗುರನ್ನು ದೂರದಿಂದ ನೋಡಿ, "ಪೆಟ್ಟು ಬಿದ್ದಿದೆ. ರಕ್ತ ಹೆಪ್ಪುಗಟ್ಟಿದೆ" ಎಂದರು. ನಾಲ್ಕು ತಿಂಗಳು ಕಲ್ಲು ಬಡಿದಿದೆ ಎಂದು ಊರಿಗೆಲ್ಲ ಹೇಳಿದ ಗುರುಲಿಂಗ ಈಗ ಮೇಜು ಗುದ್ದಿದ.

"ಯಾವ ಪೆಟ್ಟು? ಪೆಟ್ಟೂ ಇಲ್ಲ, ಗಿಟ್ಟೂ ಇಲ್ಲ! ಇದು ರೋಗ! ನಾ ಹೇಳಾಕತ್ತೇನಲ್ಲ!"

ಡಾಕ್ಟರು ಚೀಟಿಯ ಮೇಲೆ ದೊಡ್ಡ ಆಸ್ಪತ್ರೆ ಎಂದು ಬರೆದು ನಮ್ಮನ್ನು ಸಾಗಹಾಕಿದರು.

ಪಣಜಿ ಹತ್ತಿರದ ದೊಡ್ಡ ಸರಕಾರಿ ಆಸ್ಪತ್ರೆಯ ಚರ್ಮದ ವಿಭಾಗದಲ್ಲಿ ಮೂರು ತಾಸು ಕಾದೆವು. ಒಳಗೆ ಕನ್ನಡಕ ಹಾಕಿದ ಹೆಣ್ಣುಮಗಳು ಡಾಕ್ಟರು ಇದ್ದರು, ಎಲ್ಲರೂ ಅವರನ್ನು 'ಡಾಕ್ಟರ ಬಾಯಿ' ಎನ್ನುತ್ತಿದ್ದರು. ಅವರು ಹಿಂದಿಯಲ್ಲಿ ಹೇಳಿದ್ದನ್ನು ನಾನು ಕನ್ನಡ ಮಾಡಿ ಹೇಳಬೇಕು, ಗುರುಲಿಂಗ ಕನ್ನಡದಲ್ಲಿ ಬಯ್ದದ್ದನ್ನು ಹಿಂದಿ ಮಾಡುವಾಗ ಬಿಟ್ಟುಬಿಡಬೇಕು. ಅವರು ಕೈ ಹಿಡಿದು, ದುರ್ಬೀನಿನಂಥ ಗಾಜು ಕಣ್ಣಿಗೆ ಹಚ್ಚಿ, ಉಗುರಿನ ಬುಡದ ಚರ್ಮವನ್ನು ತುಂಬ ಹೊತ್ತು ನೋಡಿದರು.

"ಉಗುರು ಕಪ್ಪಾಗಲು ಹತ್ತು ಕಾರಣ ಇರುತ್ತವೆ," ಎಂದರು. "ಪೆಟ್ಟು ಇರಬಹುದು, ಹೊರಗಿನ ಬಣ್ಣ ಇರಬಹುದು, ಫಂಗಸ್ ಇರಬಹುದು. ಅಪರೂಪಕ್ಕೆ ಕ್ಯಾನ್ಸರೂ ಇರುತ್ತದೆ. ಅದಕ್ಕೇ ನೋಡದೆ ಹೇಳಬಾರದು."

ನಾನು ಕನ್ನಡ ಮಾಡಿ ಹೇಳಿದೆ. ಗುರುಲಿಂಗ ಯೋಚನೆ ಮಾಡಿ ಕೇಳಿದ: "ಕ್ಯಾನ್ಸರ್ ಇದ್ರ ಲಿಸ್ಟಿನಾಗ ಹೆಸರ ಉಳಿತೈತೇನ್ರಿ?"

ಇದನ್ನು ನಾನು ಹಿಂದಿ ಮಾಡಲಿಲ್ಲ. ಮಂಗಲಾ ಅವನ ತೊಡೆಗೆ ಚಿವುಟಿದ್ದರಿಂದ ಮಾಡಬೇಕಾಗಿಯೂ ಬರಲಿಲ್ಲ.

ಡಾಕ್ಟರ ಬಾಯಿ ಕೇಳಿದರು, ಯಾವ ಕೆಲಸ? ಯಾವ ಕೈ ನೀರಿನಲ್ಲಿರುತ್ತದೆ? ಕೈಗವಸು ಹಾಕುತ್ತೀಯಾ? ಗವಸು ಹಾಕಿದರೆ ಮೇಸ್ತ್ರಿ ನಗುತ್ತಾನೆ ಎಂದ ಗುರುಲಿಂಗ. ಅವರು ಉಗುರಿನ ತುದಿ ಕತ್ತರಿಸಿ, ಅಡಿಯ ಪುಡಿ ಕೆರೆದು ಗಾಜಿನ ಮೇಲೆ ಹಾಕಿ ಕಳಿಸಿದರು. ಮಧ್ಯಾಹ್ನಕ್ಕೆ ಉತ್ತರ ಬಂತು. ಸೂಕ್ಷ್ಮದರ್ಶಕದಲ್ಲಿ ಬೂಷ್ಟಿನ ಎಳೆಗಳು ಕಾಣುತ್ತಿವೆ. ಕ್ಯಾನ್ಸರಿನ ಲಕ್ಷಣ ಇಲ್ಲ. ಯಾವ ಜಾತಿಯ ಬೂಷ್ಟು ಎಂದು ತಿಳಿಯಲು ಅದನ್ನು ಬೆಳೆಸಿ ನೋಡಬೇಕು, ಅದಕ್ಕೆ ನಾಲ್ಕು ವಾರ. ಅಷ್ಟರಲ್ಲಿ ರಕ್ತದ ಪರೀಕ್ಷೆ ಮಾಡಿಸಿ ಗುಳಿಗೆ ಶುರು ಮಾಡಬಹುದು, ಹೊಸ ಉಗುರು ಪೂರ್ತಿ ಬರಲು ಆರು ತಿಂಗಳು.

ಆ ಕಾಗದ ಹಿಡಿದುಕೊಂಡು ನಾವು ವಾಸ್ಕೋದ ತಾಲ್ಲೂಕು ಕಚೇರಿಗೆ ಹೋದೆವು. ವಿಚಾರಣೆಯ ಸಾಹೇಬರ ಹೆಸರು ಖಾಂಡೇಪಾರಕರ. ಹೆಸರಿನ ಹಲಗೆ ಮೇಜಿಗಿಂತ ಉದ್ದವಿತ್ತು. ಅವರ ಮಾತು ಹಿಂದಿ, ನಮ್ಮ ಕನ್ನಡವೂ ಅಷ್ಟಿಷ್ಟು ತಿಳಿಯುತ್ತಿತ್ತು. ಅವರು ಕಾಗದವನ್ನು ಎರಡು ಸಲ ಓದಿದರು.

"ಇದರಲ್ಲಿ ಫಂಗಸ್ ಇದೆ ಅಂತ ಬರೆದಿದೆ."

"ಹೌದ್ರಿ!" ಎಂದ ಗುರುಲಿಂಗ, ಹೆಮ್ಮೆಯಿಂದ.

"ಮಸಿ ಇಲ್ಲ ಅಂತ ಎಲ್ಲಿ ಬರೆದಿದೆ?"

ಮಂಗಲಾ ಬಗ್ಗಿ ಕಾಗದದ ಹಿಂಬದಿ ನೋಡಿದಳು.

"ಅರೆ ಬಾಬಾ, ಮಸಿಯ ಮೇಲೆ ಫಂಗಸ್ ಬಂದಿರಬಹುದು. ಫಂಗಸ್ ಕೆಳಗೆ ಮಸಿ ಇರಬಹುದು. ನಾನು ಹೇಗೆ ನಂಬಲಿ? ಮಸಿ ಇಲ್ಲ ಅಂತ ಡಾಕ್ಟರ್ ಬರೆಯಬೇಕು. ಊರಿನ ಪಂಚಾಯತಿಯಿಂದ ಈತ ಅಲ್ಲಿ ಓಟು ಹಾಕಿಲ್ಲ ಅಂತ ಕಾಗದ ಬರಬೇಕು. ಮತ್ತೆ ನೋಡು," ಎಂದು ಸಾಹೇಬರು ಪೆನ್ನಿನಿಂದ ಉಗುರನ್ನು ತೋರಿಸಿದರು, "ವಿಚಾರಣೆ ಮುಗಿಯುವ ತನಕ ಇದಕ್ಕೆ ಔಷಧ ಹಚ್ಚಬೇಡ. ಇದು ಸಾಕ್ಷಿ."

ಉಗುರಿಗೆ ಫೈಲ್ ನಂಬರು ಬಿತ್ತು. ಸಾಕ್ಷಿಯನ್ನು ಗುಣಪಡಿಸಿದರೆ ಸಾಕ್ಷಿ ನಾಶದ ಆರೋಪ ಬರುತ್ತದೆ ಎಂದು ಗುಮಾಸ್ತ ಬೇರೆ ಹೆದರಿಸಿದ. ಮಂಗಲಾ ತಂದ ಗುಳಿಗೆಗಳು ಡಬ್ಬಿಯಲ್ಲೇ ಉಳಿದವು. ರೋಗಕ್ಕೆ ಈಗ ಸರಕಾರದ ರಕ್ಷಣೆ ಸಿಕ್ಕಿತ್ತು. ಅದು ನಿಶ್ಚಿಂತೆಯಿಂದ ಪಕ್ಕದ ಬೆರಳಿಗೂ ಹಬ್ಬಿತು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಶಾಲೆಯಲ್ಲಿ ಮಗ್ಗಿ ತಪ್ಪಿದವರ ಮೇಲೆಲ್ಲ ಮಾಡಿದೆ.

"ನಾನು ಚರ್ಮದ ಡಾಕ್ಟರ್, ಚುನಾವಣೆಯ ಡಾಕ್ಟರ್ ಅಲ್ಲ!" ಎಂದು ಡಾಕ್ಟರ ಬಾಯಿ ಸಿಡಿದರು, ನಾನು ನಾಲ್ಕನೆಯ ಅರ್ಜಿ ಮುಂದಿಟ್ಟಾಗ. ಔಷಧ ಹಚ್ಚಬೇಡ ಎಂದು ಸಾಹೇಬರು ಹೇಳಿದ್ದು ಕೇಳಿದ ಮೇಲಂತೂ ಅವರ ಕನ್ನಡಕ ಮೂಗಿನ ತುದಿಗೆ ಬಂತು. ಆದರೆ ಆ ಸಿಟ್ಟು ನಮ್ಮ ಕೆಲಸಕ್ಕೆ ಬಂತು. ನಾಲ್ಕು ವಾರದ ಮೇಲೆ ಬೆಳೆಸಿದ ಬೂಷ್ಟಿನ ವರದಿ ಬಂದಾಗ ಅವರು ತಾವೇ ಕೂತು ಬರೆದರು: ಈ ಶಿಲೀಂಧ್ರವು ಕಪ್ಪು ಬಣ್ಣವನ್ನು ತಾನೇ ತಯಾರಿಸುವ ಜಾತಿಯದು, ಉಗುರಿನ ಕಪ್ಪು ಈ ಶಿಲೀಂಧ್ರದ್ದೇ ಹೊರತು ಹೊರಗಿನಿಂದ ಹಚ್ಚಿದ ಬಣ್ಣದ್ದಲ್ಲ. ಕೊನೆಯ ಮೂರು ಶಬ್ದಗಳ ಕೆಳಗೆ ಕಾಗದ ಹರಿಯುವ ಹಾಗೆ ಗೆರೆ ಎಳೆದು, ಮುದ್ರೆ ಒತ್ತಿದರು.

ಗುರುಲಿಂಗ ಅವತ್ತು ಕಾಲೊನಿಗೆಲ್ಲ ಪೇಡೆ ಹಂಚಿದ. "ಏನ ವಿಶೇಷ?" ಎಂದು ಕೇಳಿದವರಿಗೆ "ಬೂಷ್ಟು ಬಂದೈತಿ, ಖರೇ ಬೂಷ್ಟು! ಸರಕಾರಿ ಮುದ್ರಿ ಒತ್ಯಾರ!" ಎಂದು ಬೆರಳು ಮೇಲೆತ್ತಿ ತೋರಿಸಿದ. ಥಾವರಪ್ಪನೂ ಒಂದು ಪೇಡೆ ತಿಂದ. ತಿಂದು, ಉಗುರನ್ನು ಇನ್ನೊಮ್ಮೆ ಹತ್ತಿರದಿಂದ ನೋಡಿ, "ನಂದ ತಪ್ಪಾತು ಬಿಡು. ದೂರು ವಾಪಸ ತಗೋತೇನಿ," ಎಂದ. ಅದಕ್ಕೂ ಅರ್ಜಿ ನಾನೇ ಬರೆದೆ.

ಇನ್ನು ಉಳಿದದ್ದು ಊರಿನ ಕಾಗದ ಒಂದೇ. ಮರುದಿನ ನನ್ನ ಮನೆಯ ಕಟ್ಟೆಯ ಮೇಲೆ ಕೂತು ಗುರುಲಿಂಗ ಊರಿಗೆ ಫೋನು ಹಚ್ಚಿದ. ಎತ್ತಿದವನು ಅಣ್ಣ ಗಂಗಪ್ಪ. ಹೊಲದಲ್ಲಿ ನಿಂತು ಮಾತಾಡುವವನ ಧ್ವನಿ, ಫೋನು ಕಿವಿಗೆ ಹಿಡಿಯದ ನನಗೂ ಕೇಳುತ್ತಿತ್ತು.

"ಅಣ್ಣಾ, ಪಂಚಾಯತಿ ಸೆಕ್ರೆಟರಿ ಕಡೆಯಿಂದ ಒಂದ ಕಾಗದ ಬೇಕು. ನಾ ಮೊನ್ನಿ ಎಲೆಕ್ಷನ್‌ದಾಗ ಊರಾಗ ಓಟು ಹಾಕಿಲ್ಲ ಅಂತ."

"ಹಾಕೀಯಲ್ಲೋ."

"ಏನು?"

"ನೀ ಹಾಕೀ. ಅಂದ್ರ, ನಿಂದು ನಾ ಹಾಕೇನಿ. ಚಿಂತಿ ಮಾಡಬ್ಯಾಡ."

ಗಂಗಪ್ಪ ಸಂತೋಷದಿಂದ ಮುಂದುವರಿಸಿದ. "ಮೂರ ಎಲೆಕ್ಷನ್ ಓಟು ಬೀಳಲಿಲ್ಲಂದ್ರ ಲಿಸ್ಟಿನಾಗಿಂದ ಹೆಸರ ಹೊಡದ ಹಾಕತಾರಂತ. ಅದಕ್ಕ ಮೊದಲ ನಂದ ಹಾಕಿ ಬಂದೆ, ಆಮ್ಯಾಲೆ ಅಂಗಿ ಬದಲಿ ಮಾಡ್ಕೊಂಡ ಹೋಗಿ, ನಡುಬೆರಳಿಗೆ ಮಸಿ ಹಚ್ಚಿಸ್ಕೊಂಡ ನಿಂದ ಹಾಕಿದೆ. ನಂಬರ ನಾನೂರಾ ಹನ್ನೆರಡು. ನಿನ್ನ ಹೆಸರ ಊರಾಗ ಗಟ್ಟಿ ಐತಿ."

"ನಾ ಗೋವಾದಾಗ ಹೆಸರ ಹಚ್ಚೂಮುಂದ ಊರಾಗಿಂದು ತಗಿಸಂತ ಅರ್ಜಿ ಕಳಿಸಿದ್ನಲ್ಲ!"

"ಕಳಿಸಿದ್ದಿ. ಅವ್ವ ಕೊಡಾಕ ಬಿಡಲಿಲ್ಲ. ಹೆಸರ ತಗಿಸೂದು ಸತ್ತವರದೋ ತಮ್ಮಾ. ಜೀವಂತ ಇದ್ದ ಮಗಂದು ಯಾರರ ತಗಿಸ್ತಾರೇನು? ಅಂತ ಅತ್ತಳು. ಅರ್ಜಿ ದೇವರ ಜಗಲಿ ಮ್ಯಾಲ ಐತಿ."

ಆಮೇಲೆ ಗುರುಲಿಂಗ ಫೋನಿನಲ್ಲಿ ಹೇಳಿದ್ದನ್ನು ಬರೆಯುವುದು ಮಾಸ್ತರನಾದ ನನಗೆ ಶೋಭಿಸುವುದಿಲ್ಲ. ಕಾಲೊನಿಯ ಅರ್ಧ ಜನ ಹೊರಗೆ ಬಂದು ನಿಂತರು. ಹುಸೇನಬಿ ಯಾರೋ ಸತ್ತರೆಂದು ತಿಳಿದು ಸೆರಗು ಹೊದ್ದುಕೊಂಡು ಬಂದಳು. ಫೋನು ಗೋಡೆಗೆ ಬಡಿಯಿತು, ಅದು ನನ್ನ ಗೋಡೆ.

ಮೂರನೆಯ ದಿನ ಗಂಗಪ್ಪ ವಾಸ್ಕೋ ರೈಲಿನಿಂದ ಇಳಿದ. ತಮ್ಮ ಕಷ್ಟದಲ್ಲಿದ್ದಾನೆ, ಹೋಗಿ ಅವನ ಹೆಸರು ಉಳಿಸಿ ಬಾ ಎಂದು ತಾಯಿ ಬಾಳಮ್ಮ ಕಳಿಸಿದ್ದಳು. ಒಂದು ಕೈಯಲ್ಲಿ ಸಜ್ಜೆ ರೊಟ್ಟಿಯ ಗಂಟು, ಇನ್ನೊಂದು ಕೈಯ ತೋರುಬೆರಳಿನ ಉಗುರಿನಲ್ಲಿ ಒಂದು ಮಸಿಗೆರೆ, ನಡುಬೆರಳಿನ ಉಗುರಿನಲ್ಲಿ ಇನ್ನೊಂದು. ತಮ್ಮನಿಗಿಂತ ಹತ್ತು ವರ್ಷ ದೊಡ್ಡವನು. ಗುರುಲಿಂಗ ಸಣ್ಣವನಿದ್ದಾಗ ತಂದೆ ತೀರಿದ ಮೇಲೆ ಇವನೇ ಸಾಕಿದ್ದು. ಅಂಥವನನ್ನು ಗುರುಲಿಂಗ ಸ್ಟೇಶನ್ನಿನಿಂದ ಮನೆಯ ತನಕ ಬಯ್ಯುತ್ತಲೇ ಕರೆತಂದ. ಗಂಗಪ್ಪ ನಗುತ್ತಲೇ ಬಂದ.

"ಹೆದರಬ್ಯಾಡ. ನಾಳಿ ಸಾಹೇಬರ ಮುಂದ ನಾನ ಹೇಳತೇನಿ. ಇವ ಹಾಕಿಲ್ರಿ, ನಾ ಹಾಕೇನಿ ಅಂತೇನಿ. ಬೆರಳು ತೋರಸ್ತೇನಿ. ಮುಗೀತಲ್ಲ?"

ಗುರುಲಿಂಗ ಮೊದಲ ಸಲ ಬಯ್ಯುವುದನ್ನು ನಿಲ್ಲಿಸಿದ. ಇದು ಸರಳವಾಗಿಯೇ ಇತ್ತು. ಡಾಕ್ಟರರ ಕಾಗದ ಇದೆ, ಥಾವರಪ್ಪ ದೂರು ಹಿಂದೆ ತೆಗೆದುಕೊಳ್ಳುತ್ತಾನೆ, ಅಣ್ಣ ಒಪ್ಪಿಕೊಳ್ಳುತ್ತಾನೆ. ಹೆಸರು ಉಳಿಯುತ್ತದೆ.

ಮರುದಿನ ಬಸ್ಸಿನಲ್ಲಿ ನಾನು ಅದನ್ನು ಹಾಳು ಮಾಡಿದೆ. ಹಿಂದಿನ ದಿನ ಚುನಾವಣೆಯ ನಿಯಮಗಳ ಪುಸ್ತಕ ತೆಗೆದು ಓದಿದ್ದೆ. ಮುಂದಿನ ಸೀಟಿನಲ್ಲಿ ಗಂಗಪ್ಪ ಮಂಗಲಾಳಿಗೆ ಊರಿನ ಎಮ್ಮೆಯ ಸುದ್ದಿ ಹೇಳುತ್ತಿದ್ದ.

"ಗುರುಲಿಂಗ, ಒಬ್ಬರ ಓಟು ಇನ್ನೊಬ್ಬರು ಹಾಕಿದ್ದು ಸಾಬೀತಾದರೆ ಜೈಲು. ಒಂದು ವರ್ಷದ ತನಕ."

"ಯಾರಿಗೆ?"

"ಹಾಕಿದವರಿಗೆ."

ಅವನು ಮುಂದಿನ ಸೀಟಿನಲ್ಲಿದ್ದ ಅಣ್ಣನ ತಲೆಯ ರುಮಾಲನ್ನು ನೋಡಿದ. "ನಿಮ್ಮ ಪುಸ್ತಕಕ್ಕ ಬೆಂಕಿ ಹಚ್ರಿ ಮಾಸ್ತರ," ಎಂದ. ವಾಸ್ಕೋದಲ್ಲಿ ಇಳಿಯುವಾಗ ಅಣ್ಣನ ತೋಳು ಹಿಡಿದು, "ಒಳಗ ನೀ ಬಾಯಿ ಬಿಡಬ್ಯಾಡ. ಊರ ಕಾಗದ ಸಿಕ್ಕಿಲ್ಲ, ಮುಂದಿನ ತಾರೀಖು ಕೊಡ್ರಿ ಅಂತ ನಾ ಕೇಳತೇನಿ," ಎಂದ.

ಕೋಣೆಯಲ್ಲಿ ಥಾವರಪ್ಪ ಮೊದಲೇ ಬಂದು ನಿಂತಿದ್ದ. ಖಾಂಡೇಪಾರಕರ ಸಾಹೇಬರು ಡಾಕ್ಟರರ ಕಾಗದ ಓದಿ, ಹರಿದ ಗೆರೆಯ ಮೇಲೆ ಬೆರಳಾಡಿಸಿ, ತಲೆದೂಗಿದರು. "ಇದು ಸರಿ ಇದೆ. ಊರಿನ ಕಾಗದ?"

"ಸಿಕ್ಕಿಲ್ರಿ ಸಾಹೇಬ್ರ, ಮುಂದಿನ..."

"ತಂದೇನಲ್ಲ!" ಎಂದು ಗಂಗಪ್ಪ ಬನಿಯನ್ನಿನ ಕಿಸೆಯಿಂದ ಮಡಚಿದ ಕಾಗದ ತೆಗೆದು ಮೇಜಿನ ಮೇಲಿಟ್ಟ. "ಸೆಕ್ರೆಟರಿ ಕಡೆಯಿಂದ ಬರಸ್ಕೊಂಡ ಬಂದೇನಿ. ತಮ್ಮನ ಹೆಸರ ಊರಾಗ ಗಟ್ಟಿ ಐತಿ ಅಂತ."

ಗಂಗಪ್ಪನಿಗೆ ಓದಲು ಬರುತ್ತಿರಲಿಲ್ಲ. ಸಾಹೇಬರು ಅದನ್ನು ನನಗೆ ಕೊಟ್ಟು ಓದಿ ಹೇಳು ಎಂದರು. ನಾನು ಎರಡು ಸಲ ಕೆಮ್ಮಿದೆ. ಮೂರನೆಯ ಸಲ ಕೆಮ್ಮಲು ಅವರು ಬಿಡಲಿಲ್ಲ. ಪಟ್ಟಿಯ ಕ್ರಮಾಂಕ ನಾನೂರ ಹನ್ನೆರಡು, ಗುರುಲಿಂಗ, ಕಳೆದ ಚುನಾವಣೆಯಲ್ಲಿ ಖುದ್ದಾಗಿ ಹಾಜರಾಗಿ ಮತ ಚಲಾಯಿಸಿರುತ್ತಾರೆ.

"ಖುದ್ದಾಗಿ!" ಎಂದು ಸಾಹೇಬರು ಕುರ್ಚಿಯಿಂದ ಎದ್ದರು. "ಉಗುರಿನಲ್ಲಿ ಮಸಿ ಇಲ್ಲ, ಪಟ್ಟಿಯಲ್ಲಿ ಓಟು ಇದೆ. ಈ ಓಟು ಹಾಕಿದವರು ಯಾರು?"

ಇಷ್ಟು ಹಿಂದಿ ಗಂಗಪ್ಪನಿಗೂ ತಿಳಿಯಿತು. ಎರಡು ಮಸಿಗೆರೆಯ ಕೈಯನ್ನು ಮೇಲೆತ್ತುತ್ತ, ನಗುಮುಖದಿಂದ, "ಸಾಹೇಬ್ರ, ಅದು..." ಎಂದು ಶುರು ಮಾಡಿದ.

ಗುರುಲಿಂಗ ಆ ಕೈಯನ್ನು 'ಫಟ್' ಎಂದು ಹೊಡೆದು ಕೆಳಗಿಳಿಸಿ, ತನ್ನ ಮುಷ್ಟಿಯಲ್ಲಿ ಮುಚ್ಚಿ ಹಿಡಿದು, ಕಚೇರಿಯ ಕಿಟಕಿ ಅದುರುವ ಹಾಗೆ ಕೂಗಿದ.

"ನಾನ ಹಾಕೇನಿ!"

"ಏನು?"

"ನಾನ ಹಾಕೇನ್ರಿ! ಊರಿಗೆ ಹೋಗಿದ್ದೆ, ಹಾಕಿದೆ, ಬಂದೆ! ಏನ ಮಾಡ್ತೀರಿ ಮಾಡ್ರಿ!"

"ಅವ ಹಾಕಿಲ್ರಿ ಸಾಹೇಬ್ರ!" ಎಂದು ಥಾವರಪ್ಪ ಮುಂದೆ ಬಂದ. "ಅದು ಬೂಷ್ಟು ಐತ್ರಿ. ನಾ ದಿನಾ ನೋಡೇನಿ. ನನ್ನ ದೂರು ವಾಪಸ ಐತಿ."

"ನೀ ಸುಮ್ನಿರೋ! ನಿನ್ನ ದೂರು ಖರೇ ಐತಿ!"

"ಡಾಕ್ಟರ್ ಬರೆದಿದ್ದಾರಲ್ಲ, ಹೊರಗಿನ ಬಣ್ಣ ಇಲ್ಲ ಅಂತ?" ಎಂದರು ಸಾಹೇಬರು.

"ಡಾಕ್ಟರ ಬಾಯಿಗೆ ಏನ ಗೊತ್ತು? ಬೂಷ್ಟೂ ಐತಿ, ಮಸಿನೂ ಐತಿ, ಎರಡೂ ನಂದ!"

ಇಡೀ ಕೋಣೆಯಲ್ಲಿ ಅವನ ವಿರುದ್ಧ ಇದ್ದವನು ಅವನೊಬ್ಬನೇ. ಎರಡು ತಿಂಗಳು ತಮ್ಮ ಸಮಯ ತಿಂದದ್ದಕ್ಕಾಗಿ ಸಾಹೇಬರು ಕೊಂಕಣಿಯಲ್ಲಿ ಏನೇನೋ ಅಂದರು. ಪೊಲೀಸರಿಗೆ ಕೊಡುತ್ತೇನೆ ಎಂದರು, ಹೊರಗೆ ಸುರಿಯುವ ಮಳೆ ನೋಡಿ ಬಿಟ್ಟರು. ಪಟ್ಟಿ ತೆರೆದು ಕೆಂಪು ಪೆನ್ನಿನಿಂದ ಹೆಸರಿನ ಮೇಲೆ ಗೆರೆ ಎಳೆದರು. ಗುಮಾಸ್ತ ಪ್ಲಾಸ್ಟಿಕ್ ಹಾಳೆ ಬಿಚ್ಚಿ, ಚೀಟಿಯ ಮೂಲೆಯನ್ನು ಕತ್ತರಿಯಿಂದ ಕತ್ತರಿಸಿ ವಾಪಸು ಕೊಟ್ಟ. ಅಷ್ಟು ಹೊತ್ತೂ ಗುರುಲಿಂಗ ಅಣ್ಣನ ಕೈಯನ್ನು ಮುಷ್ಟಿಯಿಂದ ಬಿಟ್ಟಿರಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಮಂಗಲಾ ಚೀಲದಿಂದ ಗುಳಿಗೆಯ ಡಬ್ಬಿ, ನೀರಿನ ಬಾಟಲಿ ತೆಗೆದಳು. ಅವಳ ಕಣ್ಣು ತುಂಬಿತ್ತು, ಧ್ವನಿ ಮಾತ್ರ ಗಡುಸಾಗಿತ್ತು.

"ಇನ್ನ ಸಾಕ್ಷಿ ಬೇಕಾಗಿಲ್ಲಲ್ಲ. ನುಂಗ್ರಿ."

ಅವನು ನುಂಗಿದ. ಗಂಟಲಿನಿಂದ ಗುಳಿಗೆ ಇಳಿದ ಕೂಡಲೆ ಅಣ್ಣನ ಕಡೆ ತಿರುಗಿ ಶುರು ಮಾಡಿದ. ಹನ್ನೊಂದು ವರ್ಷ ಅಲೆದದ್ದು ಗೊತ್ತೇನು? ಓದಾಕ ಬರದವರು ಕಾಗದ ಯಾಕ ತರಬೇಕು? ಬನಿಯನ್ನಿಗೆ ಕಿಸೆ ಹೊಲಿಸಿದವರು ಯಾರು? ಮೆಟ್ಟಿಲ ಮೇಲೆ ಮಳೆಗೆ ನಿಂತ ಜನರೆಲ್ಲ ಜಾಗ ಬಿಟ್ಟು ಸರಿದರು. ಥಾವರಪ್ಪ ನನ್ನ ಹಿಂದೆ ನಿಂತ. ಗಂಗಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು ಎಲ್ಲವನ್ನೂ ಕೇಳಿಸಿಕೊಂಡ. ಒಳಗೆ ನಡೆದದ್ದು ಏನೆಂದು ಅವನಿಗೆ ಈಗ ಅರ್ಥವಾಗಿತ್ತು.

"ಬೈ, ಬೈ. ಇನ್ನೂ ಬೈ," ಎಂದ. "ಆದ್ರ ಒಂದ ಮಾತು. ನಿನ್ನ ಓಟು ನಾ ಯಾರಿಗೂ ಹಾಕಿಲ್ಲ."

"ಮತ್ತ ಹಾಕೇನಿ ಅಂದಿ?"

"ಚೀಟಿ ತಗೊಂಡೆ, ಒಳಗ ಹೋದೆ. ಮುದ್ರಿ ಒತ್ತೂ ಶಿಕ್ಕಾ ಕೈಯಾಗ ಹಿಡಕೊಂಡ ನಿಂತೆ. ನಿನ್ನ ಮನಸಿನಾಗ ಯಾರದಾರೋ ನನಗೇನ ಗೊತ್ತು? ನಿನ್ನ ಓಟು ನಾ ಹೆಂಗ ಯಾರ್ಯಾರಿಗೋ ಒತ್ತಲಿ? ಅದು ತಪ್ಪಾಗತೈತಿ. ಖಾಲಿನ ಮಡಚಿ ಪೆಟಿಗ್ಯಾಗ ಹಾಕಿ ಬಂದೆ." ರುಮಾಲಿನಿಂದ ಮುಖ ಒರೆಸಿಕೊಂಡ. "ಹೋಗೂಕ್ಕಿಂತ ಮೊದಲ ಕೇಳಬೇಕಂತ ಫೋನ ಹಚ್ಚಿದ್ದೆ. ಮೂರ ಸಲ ಹಚ್ಚಿದೆ. ನೀ ಎತ್ತಲಿಲ್ಲ."

"ಮಶೀನ ಚಾಲೂ ಇತ್ತು," ಎಂದ ಗುರುಲಿಂಗ.

ಅವನು ಮೂಲೆ ಕತ್ತರಿಸಿದ ಚೀಟಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ. ಸುತ್ತಿದ್ದು ಸರಿಯಾಗಲಿಲ್ಲ, ಬಿಚ್ಚಿ ಮತ್ತೆ ಸುತ್ತಿದ. ಬಸ್ಸು ಬಂದು ನಿಂತಿತು, ಕಂಡಕ್ಟರ್ ಊರುಗಳ ಹೆಸರು ಕೂಗತೊಡಗಿದ. ಗುರುಲಿಂಗ ಅಣ್ಣನ ರುಮಾಲನ್ನು ಕಸಿದುಕೊಂಡು, ಅವನ ತಲೆಯ ಮೇಲೆ ಜೋರಾಗಿಯೇ ಇಟ್ಟ.

"ಮುಂದಿನ ಸಲ ಹಚ್ಚು," ಎಂದ. "ಎತ್ತತೇನಿ."